ತೊಗಲಿನ ಸಾಕ್ಷ್ಯ

ಬಿ.ಎ. ಓದುವವನಿಗೆ ಚರ್ಮರೋಗದ ಗೊಡವೆ ಏಕೆಂದು ವಾಚಕರು ಕೇಳಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವಿಷ್ಟು ನನ್ನ ಪಾಲಿನ ಶಾಸ್ತ್ರಗಳು. ಸೂಕ್ಷ್ಮದರ್ಶಕವನ್ನು ನಾನು ಕಂಡಿರುವುದು ಹೈಸ್ಕೂಲಿನ ಬೀರುವಿನಲ್ಲಿ, ಬೀಗ ಹಾಕಿದ ಸ್ಥಿತಿಯಲ್ಲಿ. ಆದರೆ ಚರ್ಮವೆಂಬುದು ವೈದ್ಯರೊಬ್ಬರ ಸ್ವತ್ತಲ್ಲ. ಅದು ಊರಿನ ಜನವೆಲ್ಲ ಓದುವ ಪುಸ್ತಕ. ಅಕ್ಷರ ಬಾರದವರೂ ಓದಿ, ಅರ್ಥ ಹೇಳಿ, ತೀರ್ಪು ಕೊಟ್ಟುಬಿಡುವ ಪುಸ್ತಕ.

ಆ ತೀರ್ಪುಗಳಿಗೆ ನಮ್ಮ ನುಡಿಯಲ್ಲಿ ಬಡತನವೇನೂ ಇಲ್ಲ. ಕಜ್ಜಿ, ತುರಿ, ಇಸುಬು, ಹುಳುಕಡ್ಡಿ, ಗಜಕರ್ಣ, ತೊನ್ನು. ಹೆಸರಿಗೊಂದು ಮದ್ದು, ಮದ್ದಿಗೊಂದು ಪಥ್ಯ. ಇವೆಲ್ಲವುಗಳ ಮೇಲೆ, ದನಿ ತಗ್ಗಿಸಿ ಆಡುವ ಹೆಸರು ಇನ್ನೊಂದುಂಟು: ದೊಡ್ಡ ರೋಗ. ನಮ್ಮ ತಂದೆಯವರಿಗೆ ಹನ್ನೊಂದು ವರ್ಷಗಳಿಂದ ಇರುವುದು ಸೋರಿಯಾಸಿಸ್. ಊರು ಇಟ್ಟ ಹೆಸರು ಮಾತ್ರ ಆ ಕೊನೆಯದು.

ಅವರದು ಗಾರೆ ಕೆಲಸ. ಮೊಣಕೈ, ಮಂಡಿ, ಸೊಂಟದ ಹಿಂಬದಿಗಳಲ್ಲಿ ಕೆಂಪು ಮಚ್ಚೆಗಳು. ಹಳೆಯ ಗೋಡೆಯಿಂದ ಸುಣ್ಣ ಏಳುವ ಹಾಗೆ ಅವುಗಳಿಂದ ಬೆಳ್ಳಗಿನ ಹಕ್ಕಳೆ ಏಳುತ್ತದೆ. ಒಂದು ತಿಂಗಳಲ್ಲಿ ಹುಟ್ಟಿ ಮೇಲೆ ಬಂದು ಉದುರಬೇಕಾದ ಚರ್ಮದ ಕಣಗಳು ನಾಲ್ಕೈದು ದಿನಗಳಲ್ಲಿಯೇ ಮೇಲೇರಿಬಿಡುತ್ತವೆ. ಇಟ್ಟಿಗೆ ತರಚಿದ ಜಾಗದಲ್ಲಿ ಹೊಸ ಮಚ್ಚೆ ಮೂಡುವುದೂ ಈ ರೋಗದ ಲಕ್ಷಣವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಬ್ನರ್ ಎಂಬ ಜರ್ಮನ್ ವೈದ್ಯ ಅದನ್ನು ವರ್ಣಿಸಿದನು. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಆದರೂ ಕ್ಷೌರದ ಅಂಗಡಿಯಲ್ಲಿ ತಂದೆಯವರ ಸರದಿ ಯಾವಾಗಲೂ ಕಡೆಯದು. ಮದುವೆಯ ಪಂಕ್ತಿಯಲ್ಲಿ ಅವರ ಎಡಬಲದ ಎಲೆಗಳು ಖಾಲಿ ಉಳಿದುದನ್ನು ನಾನು ಎಣಿಸಿದ್ದೇನೆ.

ಈ ಗೊಂದಲ ನಮ್ಮ ಊರಿನದು ಮಾತ್ರವಲ್ಲವೆಂದು ತಿಳಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. ಯುರೋಪಿನಲ್ಲಿಯೂ ಶತಮಾನಗಳ ಕಾಲ ಸೋರಿಯಾಸಿಸ್ಸನ್ನೂ ಕುಷ್ಠವನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದರು. 1841ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯ ಆ ಗಂಟನ್ನು ಬಿಚ್ಚಿದನು. ಸುದ್ದಿ ನಮ್ಮ ಊರಿನ ಕ್ಷೌರದ ಅಂಗಡಿಯನ್ನು ಇನ್ನೂ ತಲುಪಿಲ್ಲ, ಅಷ್ಟೆ.

ಇನ್ನು ಔಷಧದ ಅಂಗಡಿ. ಕಜ್ಜಿಯಾಗಲಿ, ಹುಳುಕಡ್ಡಿಯಾಗಲಿ, ಸೋರಿಯಾಸಿಸ್ಸಾಗಲಿ, ಅಲ್ಲಿ ಕೊಡುವುದು ಒಂದೇ ಟ್ಯೂಬು: ಸ್ಟೀರಾಯ್ಡು, ಶಿಲೀಂಧ್ರನಾಶಕ, ಇನ್ನಿತರ ಸರಕುಗಳ ಮಿಶ್ರಣ. ಸ್ಟೀರಾಯ್ಡು ಕೆಂಪನ್ನು ಬೇಗ ಅಡಗಿಸುತ್ತದೆ. ರೋಗ ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹರಡಲು ಬಿಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ನಿಯಮವೇನೋ ಇದೆ.

ಕಣ್ಣಿನ ಸಾಕ್ಷ್ಯವೊಂದನ್ನೇ ನಂಬಬಾರದೆಂದು ನಮ್ಮ ಇತಿಹಾಸದ ಮೇಷ್ಟ್ರು ಶಾಸನಪಾಠದಲ್ಲಿ ಹೇಳುತ್ತಿರುತ್ತಾರೆ. ವೈದ್ಯರೂ ಈಗ ಅದೇ ಹಾದಿಯಲ್ಲಿದ್ದಾರೆ. ರಕ್ತದಲ್ಲಿಯೋ ಚರ್ಮದ ಚೂರಿನಲ್ಲಿಯೋ ಅಳೆಯಬಹುದಾದ, ರೋಗದ ಒಳಸುದ್ದಿ ಹೇಳುವ ಗುರುತುಗಳನ್ನು ಬಯೋಮಾರ್ಕರ್ ಎನ್ನುತ್ತಾರೆ, ಜೈವಿಕ ಸೂಚಕವೆನ್ನೋಣ. ಸೋರಿಯಾಸಿಸ್ಸೂ ಇಸುಬೂ ಕೆಲವೊಮ್ಮೆ ಪಳಗಿದ ಕಣ್ಣಿಗೂ ಒಂದೇ ತೆರನಾಗಿ ಕಾಣುತ್ತವೆ. ಒಳಗಿನ ಜಗಳ ಮಾತ್ರ ಬೇರೆ ಬೇರೆ. ಸೋರಿಯಾಸಿಸ್ಸಿನಲ್ಲಿ ಉರಿ ಹಚ್ಚುವುದು ಮುಖ್ಯವಾಗಿ ಇಂಟರ್‌ಲ್ಯೂಕಿನ್ 17 ಮತ್ತು 23 ಎಂಬ ಸಂದೇಶವಾಹಕಗಳು. ಇಸುಬಿನಲ್ಲಿ 4 ಮತ್ತು 13. ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟರೆ ಹಣ ದಂಡ, ಒಮ್ಮೊಮ್ಮೆ ರೋಗ ಕೆರಳುವುದೂ ಉಂಟು. 2014ರಲ್ಲಿ ಜರ್ಮನಿಯ ಸಂಶೋಧಕರು ಚರ್ಮದ ಚೂರಿನಲ್ಲಿ ಎರಡೇ ಎರಡು ಜೀನುಗಳ ಚಟುವಟಿಕೆಯನ್ನು ಅಳೆದು ಈ ಎರಡು ರೋಗಗಳನ್ನು ಬೇರ್ಪಡಿಸಬಹುದೆಂದು ತೋರಿಸಿದರು.

ನನಗೆ ಹೆಚ್ಚು ಹಿಡಿಸಿದುದು ಜಪಾನಿನ ಸಂಗತಿ. ಅಲ್ಲಿ ಇಸುಬಿನ ರೋಗಿಗಳ ರಕ್ತದಲ್ಲಿ ಟಾರ್ಕ್ ಎಂಬ ವಸ್ತುವನ್ನು ಅಳೆಯುತ್ತಾರೆ. 2008ರಿಂದ ಆ ಪರೀಕ್ಷೆಯ ವೆಚ್ಚ ಸರ್ಕಾರಿ ಆರೋಗ್ಯವಿಮೆಗೆ ಸೇರಿದೆ. ಚರ್ಮ ಹೊರಗಿನಿಂದ ತಿಳಿಯಾಗಿದ್ದರೂ ಟಾರ್ಕ್ ಇಳಿಯದಿದ್ದರೆ ಒಳಗೆ ಕೆಂಡವಿದೆಯೆಂದೇ ಅರ್ಥ. ಮುಲಾಮನ್ನು ಒಮ್ಮೆಲೇ ಬಿಡಿಸುವುದಿಲ್ಲ. 'ವಾಸಿಯಾಯಿತು' ಎಂದು ಟ್ಯೂಬನ್ನು ಎಸೆದು, ಹದಿನೈದು ದಿನಕ್ಕೆ ಮತ್ತೆ ಅಂಗಡಿಗೆ ಓಡುವ ನಮ್ಮವರಿಗೆ ಇದಕ್ಕಿಂತ ಬೇಕಾದ ಪರೀಕ್ಷೆ ಇದೆಯೆ?

ಸೋರಿಯಾಸಿಸ್ಸಿಗೆ ಇಂಥ ರಕ್ತಪರೀಕ್ಷೆ ದಿನಬಳಕೆಗೆ ಬಂದಿಲ್ಲ. ಮಚ್ಚೆಯ ಕೆಂಪು, ದಪ್ಪ, ಹೊಟ್ಟು, ಹರಹುಗಳನ್ನು ಕಣ್ಣಿನಿಂದಲೇ ನೋಡಿ 0ಯಿಂದ 72ರವರೆಗೆ ಅಂಕ ಹಾಕುತ್ತಾರೆ. (ಇಲ್ಲಿ ಕಡಿಮೆ ಅಂಕ ಬಂದವನೇ ಜಾಣ.) ಆದರೆ ಎಚ್.ಎಲ್.ಎ.-ಸಿ 06:02 ಎಂಬ ವಂಶವಾಹಿಯ ಗುರುತೊಂದು ಚಿರಪರಿಚಿತವಾಗಿದೆ. ಚಿಕ್ಕ ವಯಸ್ಸಿನಲ್ಲಿ ಸೋರಿಯಾಸಿಸ್ ಶುರುವಾದವರಲ್ಲಿ ಅದು ಹೆಚ್ಚು.

ಈ ಮಾತನ್ನು ನಾನು ಮನೆಯಲ್ಲಿ ಹೇಳಿದಾಗ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಅವಳನ್ನು ನೋಡಲು ಬಂದವರು ಎರಡು ಸಲ ತಂದೆಯವರ ಮೊಣಕೈ ಕಂಡು, ಕಾಫಿಯನ್ನೂ ಮುಟ್ಟದೆ ಎದ್ದುಹೋಗಿದ್ದಾರೆ.

"ನನ್ನ ರಕ್ತದಲ್ಲಿ ಅದಿಲ್ಲ ಅಂತ ಬಂದರೆ ಚೀಟಿ ಬರೆದು ಕೊಡ್ತಾರೇನೋ?" ಎಂದಳು.

ಇದ್ದವರಲ್ಲಿ ಬಹುಮಂದಿಗೆ ರೋಗ ಬರುವುದೇ ಇಲ್ಲ, ಇಲ್ಲದವರಿಗೂ ಬರಬಹುದು ಎಂದೆ.

"ಹಂಗಾದರೆ ಅದೂ ಜಾತಕವೇ ಬಿಡು."

ನಾನು ವಾದಿಸಿದೆ. ಆ ಗುರುತುಳ್ಳ ರೋಗಿಗಳಿಗೆ ಉಸ್ಟೆಕಿನುಮ್ಯಾಬ್ ಎಂಬ ಔಷಧ ಸರಾಸರಿಯಲ್ಲಿ ಹೆಚ್ಚು ಫಲಿಸಿದೆ. ವೈದ್ಯರ ಕೈಯಲ್ಲಿ ಅದು ಸಾಕ್ಷ್ಯ. ಆದರೆ ಅಕ್ಕನ ಮಾತು ಸುಳ್ಳೆನ್ನಲಾರೆ. ಅದೇ ಕಾಗದ ಮದುವೆಯ ದಲ್ಲಾಳಿಯ ಕೈಗೆ ಸಿಕ್ಕಿದರೆ ಕುಜದೋಷದ ಪಕ್ಕದಲ್ಲಿ ಇನ್ನೊಂದು ದೋಷ ಸೇರುವುದು ಖಂಡಿತ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. ಹೊಸ ಜೈವಿಕ ಔಷಧಗಳು ಒಬ್ಬರಿಗೆ ಫಲಿಸುವುವೋ ಇಲ್ಲವೋ ಎಂದು ತಿಳಿಯಲು ಸಾಮಾನ್ಯವಾಗಿ ಹನ್ನೆರಡು ಹದಿನಾರು ವಾರ ಕಾಯಬೇಕು. ಉಳ್ಳವನಿಗೆ ಅದು ಕಾಯುವಿಕೆ, ದಿನಗೂಲಿಯವನಿಗೆ ಸಾಲ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯ ಇಟೊಲಿಜುಮ್ಯಾಬ್ 2013ರಲ್ಲಿ ಸೋರಿಯಾಸಿಸ್ಸಿಗೆಂದು ಭಾರತದಲ್ಲಿ ಒಪ್ಪಿಗೆ ಪಡೆಯಿತೆಂದು ಓದಿ ಹಿಗ್ಗಿದ್ದೆ. ಆದರೆ ಯಾರಿಗೆ ಯಾವುದು ಹಿಡಿಯುತ್ತದೆಂದು ಮೊದಲೇ ಹೇಳುವ ಅಗ್ಗದ ಪರೀಕ್ಷೆಯೊಂದು ಬಂದರೆ ಹೊಸ ಔಷಧಕ್ಕಿಂತ ಅದೇ ಬಡವರಿಗೆ ಹೆಚ್ಚು ಉಪಕಾರವೆಂದು ನನ್ನ ಎಣಿಕೆ.

ಸದ್ಯ ತಂದೆಯವರ ಚಿಕಿತ್ಸೆ ಹಳೆಯ ಮೆಥೊಟ್ರೆಕ್ಸೇಟ್ ಗುಳಿಗೆ. ವಾರಕ್ಕೆ ಒಂದೇ ದಿನ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಕ್ಯಾಲೆಂಡರಿನ ಭಾನುವಾರಗಳಿಗೆ ಗೀಟು ಹಾಕುವ ಅಧಿಕಾರ ನನ್ನದು. ರಕ್ತಕಣಗಳನ್ನೂ ಯಕೃತ್ತನ್ನೂ ಗಮನಿಸಲು ಆಗಾಗ ರಕ್ತ ಕೊಡಬೇಕು. ಮೊಣಕೈ ತಿಳಿಯಾಗಿದೆ, ಮಂಡಿ ಹಾಗೆಯೇ ಇದೆ. ಈಚೆಗೆ ಬೆಳಗಿನ ಹೊತ್ತು ಕರಣೆ ಹಿಡಿಯಲು ಬೆರಳು ಬಗ್ಗುವುದಕ್ಕೆ ಅರ್ಧ ಗಂಟೆ ಬೇಕಾಗುತ್ತಿದೆಯಂತೆ. ಸೋರಿಯಾಸಿಸ್ ಕೀಲುಗಳಿಗೆ ಇಳಿಯುವುದುಂಟು; ಯಾರಿಗೆ ಇಳಿಯುವುದೆಂದು ಮುಂಚಿತವಾಗಿ ಹೇಳುವ ಗುರುತನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಮುಂದಿನ ತಪಾಸಣೆಗೆ ನಾನೂ ಜೊತೆಗೆ ಹೋಗುತ್ತೇನೆ. ವೈದ್ಯರ ಮುಂದೆ ತಂದೆಯವರು 'ಎಲ್ಲ ಚೆನ್ನಾಗಿದೆ ಸ್ವಾಮಿ' ಎಂದುಬಿಡುವ ಪೈಕಿಯಾದುದರಿಂದ, ಬೆರಳಿನ ವಿಷಯವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.