ಅಂಜನಾಪುರಕ್ಕೆ ಬಂದ ಕಾವೇರಿ

ಕನಕಪುರದ ರಸ್ತೆಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ, ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ಅಂಜನಾಪುರವಿದೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹಳ್ಳಿಗಳ ಹೊಲಗಳನ್ನು ಅಳೆದು, ನಿವೇಶನಗಳನ್ನಾಗಿ ಹಂಚಿದ ಬಡಾವಣೆಯಿದು. ಇತ್ತ ಹೊರಟವರಿಗೆ ಈಗ ಪ್ರಯಾಣದ ಆಯಾಸವಿಲ್ಲ. ೨೦೨೧ರ ಜನವರಿಯಿಂದ ಮೆಟ್ರೋ ರೈಲಿನ ಹಸಿರು ಮಾರ್ಗವು ಹತ್ತಿರದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೂ ಬಂದಿದೆ. ಕೆರೆಯಿದೆ, ಬಯಲಿನ ಗಾಳಿಯಿದೆ, ಸಾಲುಸಾಲಾಗಿ ಹೊಸ ಮನೆಗಳಿವೆ. ಇಷ್ಟೆಲ್ಲ ಇದ್ದೂ ಬಹುಕಾಲ ಇಲ್ಲದಿದ್ದುದು ನದಿಯ ನೀರು. ಕೊಳವೆಬಾವಿ ಬತ್ತಿದ ದಿನ ನೀರಿನ ಟ್ಯಾಂಕರ್ ಬಂದರೆ ಅಡಿಗೆ, ಬಾರದಿದ್ದರೆ ಪೇಚಾಟ.

ಬೆಂಗಳೂರು ಹೊಳೆಯ ದಂಡೆಯಲ್ಲಿ ಹುಟ್ಟಿದ ಊರಲ್ಲ. ೧೮೯೬ರಲ್ಲಿ ಹೆಸರಘಟ್ಟದಿಂದ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತಂದ ನಗರವು ೧೯೭೪ರಲ್ಲಿ ಕಾವೇರಿಗೆ ಕೈಚಾಚಿತು. ನೂರು ಕಿಲೋಮೀಟರಿನಷ್ಟು ದೂರದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾದ ನೀರನ್ನು ಅಲ್ಲಿಂದಲೂ, ಹಾರೋಹಳ್ಳಿಯಿಂದಲೂ, ತಾತಗುಣಿಯಿಂದಲೂ ಯಂತ್ರಗಳು ಮೇಲಕ್ಕೆತ್ತುತ್ತವೆ. ತಾತಗುಣಿಯೋ ಅಂಜನಾಪುರಕ್ಕೆ ನೆರೆಯೂರು! ಹಳೆಯ ನಗರದ ದಾಹವನ್ನು ತಣಿಸಲು ಹೊರಟ ಕಾವೇರಿಯು ವರ್ಷಗಟ್ಟಲೆ ಈ ಸೀಮೆಯ ಮಗ್ಗುಲಲ್ಲೇ ಹಾದುಹೋದಳು.

೨೦೦೭ರಲ್ಲಿ ಮಹಾನಗರಕ್ಕೆ ಸೇರಿದ ೧೧೦ ಹಳ್ಳಿಗಳ ಪ್ರದೇಶಕ್ಕೆಂದು ರೂಪುಗೊಂಡ ಕಾವೇರಿ ಐದನೆಯ ಹಂತದ ಯೋಜನೆಗೆ ೨೦೨೪ರ ಅಕ್ಟೋಬರ್ ೧೬ರಂದು ಚಾಲನೆ ದೊರೆಯಿತು. ದಿನವೊಂದಕ್ಕೆ ೭೭.೫ ಕೋಟಿ ಲೀಟರು ನೀರು ತರುವ ಈ ಕಾರ್ಯಕ್ಕೆ ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯಾದ ‘ಜೈಕಾ’ ನೆರವಾಗಿದೆ. ೨೦೧೮ರ ಜನವರಿಯಲ್ಲಿ ಒಪ್ಪಂದವಾದ ಆ ಮೊತ್ತ ೪,೫೦೦ ಕೋಟಿ ಯೆನ್. ‘ನೆರವು’ ಎಂಬ ಸವಿಯಾದ ಮಾತಿನಿಂದ ಕರೆದರೂ ಅದು ದಾನವಲ್ಲ. ಬಡ್ಡಿ ಕಡಿಮೆಯ, ಅವಧಿ ದೀರ್ಘವಾದ ಸಾಲ. ಇಂದು ಓಣಿಯಲ್ಲಿ ಆಡುವ ಮಕ್ಕಳು ಸಂಸಾರಸ್ಥರಾದ ಮೇಲೂ ಅದರ ಕಂತು ಉಳಿದಿರುತ್ತದೆ.

ಸಾಲ ಮಾಡುವುದು ತಪ್ಪೇ? ಸಾಲಕೊಟ್ಟ ಜಪಾನೂ ಒಂದು ಕಾಲದಲ್ಲಿ ಸಾಲಗಾರ ದೇಶವೇ. ೧೯೬೪ರಲ್ಲಿ ಓಡತೊಡಗಿದ ಅದರ ಪ್ರಸಿದ್ಧ ಶಿಂಕಾನ್ಸೆನ್ ರೈಲಿಗೆ ವಿಶ್ವಬ್ಯಾಂಕಿನ ಹಣವಿತ್ತು; ಆ ಬ್ಯಾಂಕಿನ ಋಣವೆಲ್ಲ ತೀರಿದ್ದು ೧೯೯೦ರಲ್ಲಿ. ಋಣವನ್ನು ಯಾವುದಕ್ಕೆ ಬಳಸಿದೆವು, ಯಾರ ತಲೆಗೆ ಕಟ್ಟಿದೆವು ಎಂಬುದೇ ವಿಚಾರಾರ್ಹ.

ಇದಕ್ಕೊಂದು ನಿದರ್ಶನ ಅಂಜನಾಪುರದ ಆಸುಪಾಸಿನಲ್ಲೇ ಇದೆ. ೨೦೦೫ರಲ್ಲಿ ಬೊಮ್ಮನಹಳ್ಳಿಯೇ ಮೊದಲಾದ ಎಂಟು ಹೊರವಲಯದ ಪಟ್ಟಣಗಳ ನೀರಿಗಾಗಿ ೧೦೦ ಕೋಟಿ ರೂಪಾಯಿಯ ಸಾಲಪತ್ರಗಳನ್ನು ಹೊರಡಿಸಿದಾಗ, ಅಮೆರಿಕದ ‘ಯು.ಎಸ್.ಏಡ್’ ಅದಕ್ಕೆ ಭಾಗಶಃ ಜಾಮೀನು ನಿಂತಿತು. ನೀರು ಬರುವ ಮುನ್ನವೇ ನಿವಾಸಿಗಳಿಂದ ವಂತಿಗೆ ಕೇಳಲಾಯಿತು. ತಾರಸಿ ಮನೆಯವನು ಗೊಣಗುತ್ತ ಕೊಟ್ಟಾನು. ಕೊಳೆಗೇರಿಯ ಕೂಲಿಯವಳು ಎಲ್ಲಿಂದ ತಂದಾಳು ಎಂಬ ವಾದ ಆಗಲೇ ಎದ್ದಿತು. ಆ ಸಂಸ್ಥೆಯೇ ೨೦೨೫ರ ಜುಲೈ ೧ರಂದು ತನ್ನ ದೇಶದ ರಾಜಕೀಯ ಬದಲಾದುದರಿಂದ ಕದ ಮುಚ್ಚಿತು. ಹಲವು ದೇಶಗಳಲ್ಲಿ ಅದನ್ನೇ ನೆಚ್ಚಿದ್ದ ಚಿಕಿತ್ಸಾಲಯಗಳು ನಡುನೀರಿನಲ್ಲಿ ನಿಂತವು. ಪರರ ಕೃಪೆಯ ಮೇಲೆ ಕಟ್ಟಿದ ಮನೆಗೆ ಪರರ ಮನಸ್ಸೇ ಅಡಿಪಾಯ.

ಹಣದ ಋಣವಾದರೂ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ನೀರಿನ ಋಣ ಕಾಣುವುದಿಲ್ಲ. ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ ೧೪.೭೫ ಟಿ.ಎಂ.ಸಿ. ಅಡಿಯಲ್ಲಿ ೪.೭೫ ಬೆಂಗಳೂರಿನ ಕುಡಿಯುವ ನೀರಿಗೆಂದೇ ಮೀಸಲು. ಕಾಯಿದೆಯ ಬಲವೇನೋ ದೊರೆಯಿತು. ಆದರೆ ೨೦೨೩ರಂತೆ ಮುಂಗಾರು ಕೈಕೊಟ್ಟ ವರ್ಷ ಮಂಡ್ಯದ ರೈತನು ಬೀದಿಗಿಳಿಯುತ್ತಾನೆ. ಅವನ ಗದ್ದೆ ಒಣಗುವಾಗ ನಮ್ಮ ಕಾರು ತೊಳೆಯುವ ನೀರಿಗೆ ಯಾವ ನ್ಯಾಯ? ಜಪಾನಿಗೆ ಕಂತು ಕಟ್ಟುತ್ತೇವೆ. ಮಳವಳ್ಳಿಗೆ ಏನು ಕಟ್ಟುತ್ತೇವೆ?

೨೦೨೫ರ ಏಪ್ರಿಲಿನಲ್ಲಿ ಜಲಮಂಡಳಿಯು ೨೦೧೪ರ ತರುವಾಯ ಮೊದಲ ಬಾರಿಗೆ ದರ ಏರಿಸಿದಾಗ ಮನೆಮನೆಯಲ್ಲೂ ಅಸಮಾಧಾನವೆದ್ದಿತು. ಆದರೆ ಐನೂರು ಮೀಟರಿನಷ್ಟು ಎತ್ತರಕ್ಕೆ ನೀರೆತ್ತುವ ವಿದ್ಯುತ್ತಿಗೆ ಯಾರಾದರೂ ಬೆಲೆ ತೆರಲೇಬೇಕು. ಉಳ್ಳವನು ಹೆಚ್ಚು ತೆತ್ತು, ಇಲ್ಲದವನಿಗೆ ಅಗ್ಗವಾಗಿ ಸಿಕ್ಕರೆ ಅದು ನೆರವಿನ ಸದ್ವಿನಿಯೋಗ. ನಲ್ಲಿಯ ಜೋಡಣೆಗೆ ಹಣವಿಲ್ಲದವನು ಟ್ಯಾಂಕರಿಗೇ ಹೆಚ್ಚು ಸುರಿಯುವಂತಾದರೆ, ಬಡವನ ಹೆಸರಿನಲ್ಲಿ ತಂದ ಸಾಲ ಬಡವನನ್ನೇ ಮರೆತಂತೆ.

ಅಂಜನಾಪುರದ ಕೆರೆಯ ಏರಿಯ ಮೇಲೆ ಸಂಜೆ ಅಡ್ಡಾಡಬಯಸುವ ವಾಚಕರು ಒಂದು ಮಾತನ್ನು ನೆನೆಯಲಿ. ಹಿಂದಿನವರು ಕೆರೆ ಕಟ್ಟಿಸುವುದನ್ನು ಪುಣ್ಯವೆಂದರು. ಆ ಕೆರೆಗೆ ಬಿದ್ದ ಮಳೆ ಯಾರ ಸಾಲವೂ ಅಲ್ಲ. ಅದನ್ನು ಉಳಿಸಿಕೊಂಡಷ್ಟೂ ದೂರದ ನದಿಯ ಮೇಲೆ ನಮ್ಮ ಭಾರ ಇಳಿಯುತ್ತದೆ. ಮುಂದಿನ ಮಕ್ಕಳ ಹೆಗಲ ಮೇಲಿನ ಹೊರೆಯೂ ಅಷ್ಟು ಹಗುರಾಗುತ್ತದೆ.