ರಾಜನಿಗೆ ಅಂಗಿ ಕೊಟ್ಟ ಬೀದಿ

ಎಲ್ವಿಸ್ ಪ್ರೆಸ್ಲಿಯ ಹೆಸರು ಕೇಳದ ಸಿನಿಮಾ ರಸಿಕ ಇದ್ದಾನೆಯೇ? ಇಂಗ್ಲಿಷ್ ಹಾಡು ಅಂದ್ರೆ ನಮಗೆ 1978ರಲ್ಲಿ ಬಂದ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಹಾಡಿದ್ದೇ ಹಾಡು, ಅದಿರಲಿ. ಎಲ್ವಿಸ್‌ನ ಹಾಡು ಕೇಳದಿದ್ದರೂ ಆ ಕೂದಲು, ಕಿವಿಯವರೆಗೆ ಎದ್ದು ನಿಂತ ಆ ಕಾಲರು, ಮೊಣಕಾಲು ಬಗ್ಗಿಸಿ ನಿಂತ ಆ ಪೋಸು... ಯಾವುದಾದರೂ ಕಟಿಂಗ್ ಷಾಪಿನ ಗೋಡೆಯ ಮೇಲಾದರೂ ನೀವು ನೋಡಿಯೇ ಇರುತ್ತೀರಿ.

ಆ ಅಂಗಿ ಎಲ್ಲಿಂದ ಬಂತು? ಹಾಲಿವುಡ್ಡಿನ ಯಾವನೋ ಕಾಸ್ಟ್ಯೂಮರ್ ಹೊಲಿದುಕೊಟ್ಟ ಅಂತೀರಾ? ಊಹೂಂ! ಹಾಲಿವುಡ್ಡು ಎಲ್ವಿಸ್‌ನ ಮುಖ ನೋಡುವ ಮೊದಲೇ ಆ ಷೋಕಿ ತಯಾರಾಗಿತ್ತು. ಅಮೆರಿಕದ ದಕ್ಷಿಣಕ್ಕೆ, ಮಿಸಿಸಿಪ್ಪಿ ನದಿಯ ದಡದಲ್ಲಿ ಮೆಂಫಿಸ್ ಅಂತ ಊರು. ಆ ಊರಿನಲ್ಲಿ ಬೀಲ್ ಸ್ಟ್ರೀಟ್ ಅಂತ ಬೀದಿ. ಆ ಬೀದಿಯಲ್ಲಿ 126ನೇ ನಂಬರಿನ ಅಂಗಡಿ. ಕಥೆ ಎಲ್ಲಾ ಅಲ್ಲಿದೆ.

ಕಳೆದ ವರ್ಷ ನೆಂಟರ ಮನೆಗೆ ಅಂತ ಅಮೆರಿಕಕ್ಕೆ ಹೋದವನು ನ್ಯಾಶ್‌ವಿಲ್‌ನಲ್ಲಿ ಬಸ್ಸು ಹತ್ತಿ, ಸುಮಾರು 340 ಕಿಲೋಮೀಟರ್ ಕೂತು ಆ ಬೀದಿ ನೋಡಿ ಬಂದೆ. ಎಲ್ವಿಸ್ ಮೇಲಿನ ಭಕ್ತಿಯಿಂದ ಹೋದೆ ಅಂದುಕೊಳ್ಳಬೇಡಿ. ಹೋಗಿದ್ದು ನನ್ನ ಚಿಕ್ಕಪ್ಪನ ಮಗನಿಗಾಗಿ.

ನಮ್ಮದು ಬಳ್ಳಾರಿ. ದರ್ಜಿಗಳ ಮನೆ. ನಮ್ಮೂರಿನ ಜೀನ್ಸ್ ಪ್ಯಾಂಟು ನೀವೂ ತೊಟ್ಟಿರಬಹುದು, ತೊಟ್ಟಿದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಯಾಕಂದರೆ ಹೊಲಿಯುವವನು ನಮ್ಮವನಾದರೂ ಸೊಂಟದ ಹಿಂದಿನ ಲೇಬಲ್ ಇನ್ಯಾರದೋ! ನನ್ನ ತಮ್ಮ ಎಂಟು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾನೆ. ಕತ್ತರಿಸಿದ ಬಟ್ಟೆ ಬರುತ್ತೆ, ಹೊಲಿದ ಪ್ಯಾಂಟು ಹೋಗುತ್ತೆ, ಪೀಸಿಗೆ ಇಷ್ಟು ಅಂತ ಕೂಲಿ. ಹೋದ ದೀಪಾವಳಿಗೆ ಬೆಂಗಳೂರಿನ ಒಂದು ಷೋರೂಮಿನಲ್ಲಿ ತಾನೇ ಹೊಲಿದ ಪ್ಯಾಂಟಿನ ಬೆಲೆಚೀಟಿ ನೋಡಿದವನಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ.

‘ಅಣ್ಣಾ, ನಾನೂ ಒಂದು ಸ್ವಂತ ಬ್ರಾಂಡ್ ಮಾಡ್ತೀನಿ. ಅಮ್ಮನ ಹೆಸರಿಗೆ ಇರೋ ಸೈಟು ಅಡ ಇಡ್ತೀನಿ. ಐನೂರು ಪ್ಯಾಂಟು, ಐನೂರು ಅಂಗಿ ಒಮ್ಮೆಗೇ ಹೊಡೆಸಿಬಿಡ್ತೀನಿ,’ ಅಂದ.

‘ಅಮ್ಮನಿಗೆ ಹೇಳಿದೆಯೇನೋ?’

‘ಇನ್ನೂ ಇಲ್ಲ. ನೀ ಅಮೆರಿಕಕ್ಕೆ ಹೊಂಟೀಯಲ್ಲ, ಅಲ್ಲಿ ಹೆಂಗೆ ಮಾಡ್ತಾರೆ ನೋಡ್ಕಂಡು ಬಾ. ಅಲ್ಲೀವರೆಗೂ ತಡೀತೀನಿ.’

ಚಿಕ್ಕಮ್ಮನಿಗೆ ಇರುವುದು ಅದೊಂದೇ ಸೈಟು. ಈಗ ಹೇಳಿ, ಹೋಗದೆ ಇರಲಿಕ್ಕೆ ಆಗುತ್ತದೆಯೇ?

ಮೆಂಫಿಸ್ ಒಂದು ಕಾಲಕ್ಕೆ ಹತ್ತಿಯ ಊರು. ನದಿಯ ಹಡಗಿನಲ್ಲಿ ಹತ್ತಿ ಬಂದು ಇಳಿಯುತ್ತಿತ್ತು. ಫ್ರಂಟ್ ಸ್ಟ್ರೀಟಿನಲ್ಲಿ ದಲಾಲರು ಕೂತು ಬೆಲೆ ಕಟ್ಟುತ್ತಿದ್ದರು. ಹತ್ತಿ ಬಿಡಿಸುವ ಕೈ ಕರಿಯ ಕೂಲಿಯವರದು, ಲಾಭ ಬಿಳಿಯ ಧಣಿಗಳದು. ಆ ಕೂಲಿಯವರು, ಅವರ ಮಕ್ಕಳು ದುಡಿದ ನಾಲ್ಕು ಕಾಸು ಖರ್ಚು ಮಾಡಿ ಖುಷಿಪಡಲಿಕ್ಕೆ ಇದ್ದ ಬೀದಿಯೇ ಬೀಲ್ ಸ್ಟ್ರೀಟ್. ಹಾಡುವವರು, ಜೂಜಾಡುವವರು, ಗಿರವಿ ಅಂಗಡಿಗಳು, ಥಿಯೇಟರುಗಳು. ಡಬ್ಲ್ಯೂ. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ಟರ್ ಬ್ಲೂಸ್ ಸಂಗೀತವನ್ನು ಕಾಗದದ ಮೇಲೆ ಇಳಿಸಿ ಲೋಕಕ್ಕೆ ಹಂಚಿದ್ದು ಈ ಊರಿನಿಂದ. ಬಿ. ಬಿ. ಕಿಂಗ್ ಹೆಸರಿನ ಆ ಎರಡು ‘ಬಿ’ ಇವೆಯಲ್ಲ, ಅವು ಹುಟ್ಟಿದ್ದೂ ‘ಬೀಲ್ ಸ್ಟ್ರೀಟಿನ ಬ್ಲೂಸ್ ಹುಡುಗ’ ಅನ್ನುವ ಅಡ್ಡಹೆಸರಿನಿಂದಲೇ!

ಈಗ ಆ ಬೀದಿಯಲ್ಲಿ ಸಂಜೆಯಾದರೆ ನಿಯಾನ್ ದೀಪ, ಬಿಯರು, ಕ್ಯಾಮರಾ ಹಿಡಿದ ಟೂರಿಸ್ಟರು. ಹಳೆಯ ಕಾಲದ್ದು ಅಂತ ಹೇಳಿಕೊಳ್ಳಲು 1876ರ ಎ. ಷ್ವಾಬ್ ಅಂಗಡಿ ಇದೆ. ಉಳಿದದ್ದು ಬಹುಪಾಲು ಹೊಸ ಬಣ್ಣ. ನನಗೆ ಅಷ್ಟೇನೂ ಹಿಡಿಸಲಿಲ್ಲ, ಹೇಳಿಬಿಡ್ತೀನಿ.

126ರ ಕಥೆಗೆ ಬರೋಣ. 1946ನೇ ಇಸವಿ. ಯುದ್ಧ ಮುಗಿದಿದೆ. ಬರ್ನಾರ್ಡ್ ಲ್ಯಾನ್ಸ್ಕಿ, ಗೈ ಲ್ಯಾನ್ಸ್ಕಿ ಅಂತ ಯಹೂದಿ ಅಣ್ಣತಮ್ಮಂದಿರು. ಅಪ್ಪ ಕೊಟ್ಟ ಸಾಲ 125 ಡಾಲರು. ಆಗಿನ ಲೆಕ್ಕಕ್ಕೆ ನಾನೂರು ಚಿಲ್ಲರೆ ರೂಪಾಯಿ. ಅಷ್ಟರಲ್ಲಿ ಅಂಗಡಿ ಹಿಡಿದರು. ಏನು ಮಾರಿದರು ಅಂತೀರಿ? ಸೈನ್ಯದಲ್ಲಿ ಮಿಕ್ಕಿಹೋದ ಖಾಕಿ ಅಂಗಿ, ಟೋಪಿ! ಬ್ರಾಂಡೂ ಇಲ್ಲ, ಡಿಸೈನೂ ಇಲ್ಲ. ಕೆಲವು ವರ್ಷಕ್ಕೆ ಆ ಮಾಲು ಬರುವುದು ನಿಂತಿತು. ಆಗ ಅಣ್ಣತಮ್ಮಂದಿರು ಏನು ಮಾಡಿದರು ನೋಡಿ, ಬಾಗಿಲಲ್ಲಿ ನಿಂತು ಬೀದಿಯನ್ನು ನೋಡಿದರು. ಯಾರು ಓಡಾಡ್ತಿದ್ದಾರೆ? ಗಿಟಾರಿನವರು, ತುತ್ತೂರಿಯವರು, ಜೂಜುಕೋರರು, ಶನಿವಾರದ ಸಂಬಳ ಜೇಬಿಗಿಟ್ಟ ಕೂಲಿಯವರು. ಅವರಿಗೆ ಏನು ಬೇಕು? ನಾಲ್ಕು ಜನ ತಿರುಗಿ ನೋಡುವಂಥ ಬಟ್ಟೆ!

ಇಲ್ಲೊಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರಿಗೆ ಬಸ್ಸಿನಲ್ಲಿ ಸೀಟು ಬೇರೆ, ನಲ್ಲಿ ಬೇರೆ, ಟಾಕೀಸಿನಲ್ಲಿ ಬಾಲ್ಕನಿ ಬೇರೆ. ಅದೆಷ್ಟೋ ದೊಡ್ಡ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು, ಆದರೆ ಅಂಗಿ ತೊಟ್ಟು ನೋಡುವ ಹಾಗಿಲ್ಲ. ಕರಿಯರು ಮುಟ್ಟಿದ ಅಂಗಿ ಬಿಳಿಯರು ಕೊಳ್ಳುವುದಿಲ್ಲ ಅಂತ! (ನಮಗೆ ಇದು ಹೊಸ ಸುದ್ದಿಯೇನೂ ಅಲ್ಲ ಬಿಡಿ, ನಮ್ಮೂರುಗಳಲ್ಲಿ ಇಂಥದ್ದು ಕಂಡೇ ಇದ್ದೇವೆ.) ಅಂಥ ಕಾಲದಲ್ಲಿ ಈ ಅಂಗಡಿ ಅವರನ್ನೇ ಗಿರಾಕಿ ಅಂತ ಎದುರುಗೊಂಡಿತು. ಗುಲಾಬಿ ಕೋಟು, ಕಪ್ಪು ಅಂಗಿ, ತೊಡೆಗೆ ಸಡಿಲವಾಗಿ ಕಣಕಾಲಿಗೆ ಬಿಗಿಯಾಗುವ ಪ್ಯಾಂಟು, ಅದರ ಪಕ್ಕಕ್ಕೆ ಬೇರೆ ಬಣ್ಣದ ಪಟ್ಟಿ, ಎತ್ತರದ ಕಾಲರು. ಬೇರೆ ಅಂಗಡಿಯವರು ಬೂದಿ ಬಣ್ಣ, ಬಿಳಿ ಬಣ್ಣ ಅಂತ ಕೂತಿದ್ದಾಗ ಇವರ ಕಿಟಕಿಯಲ್ಲಿ ಕಾಮನಬಿಲ್ಲು!

ಆ ಪ್ಯಾಂಟಿನ ಕಟಿಂಗಿಗೆ ಒಂದು ಲೆಕ್ಕ ಇದೆ, ದರ್ಜಿ ಮನೆಯವನಾದ್ದರಿಂದ ಹೇಳ್ತೀನಿ. ತೊಡೆಯಲ್ಲಿ ಜಾಗ ಇದ್ದರೆ ಕುಣಿಯುವವನ ಕಾಲು ಸಲೀಸಾಗಿ ಆಡುತ್ತೆ, ಹೊಲಿಗೆ ಬಿಡುವುದಿಲ್ಲ. ಕೆಳಗೆ ಬಿಗಿ ಇದ್ದರೆ ಬಟ್ಟೆ ಬೂಟಿಗೆ ಸಿಕ್ಕುವುದಿಲ್ಲ, ಪಾದದ ಆಟ ಕೊನೇ ಸಾಲಿನವನಿಗೂ ಕಾಣುತ್ತೆ. ಗುಲಾಬಿ ಬಣ್ಣ ಸ್ಟೇಜಿನ ದೀಪಕ್ಕೆ ಎದ್ದು ಹೊಡೆಯುತ್ತೆ. ಒಂದೊಂದು ಷೋಕಿಯ ಹಿಂದೆಯೂ ಒಬ್ಬ ಆಟಗಾರನ ಅಗತ್ಯ ಇತ್ತು ಸ್ವಾಮಿ.

ಈಗ ನಮ್ಮ ಹೀರೋ ಎಂಟ್ರಿ! 1952ರ ಸುಮಾರು. ಹತ್ತಿರದ ಲೋಯೀಸ್ ಸ್ಟೇಟ್ ಟಾಕೀಸಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಒಬ್ಬ ಬಿಳಿ ಹುಡುಗ. ಬಡವ. ಮನೆ ಅಂದರೆ ಸರಕಾರದ ಬಡವರ ವಸತಿ. ನಟ ಟೋನಿ ಕರ್ಟಿಸ್ ಅಂದರೆ ಪ್ರಾಣ. ಬಿಡುವಾದಾಗ ಬಂದು ಲ್ಯಾನ್ಸ್ಕಿ ಅಂಗಡಿಯ ಕಿಟಕಿಗೆ ಮುಖ ಆನಿಸಿ ನಿಲ್ಲುತ್ತಿದ್ದ. ಬರ್ನಾರ್ಡ್ ಹೊರಗೆ ಬಂದು ಒಳಕ್ಕೆ ಕರೆದರಂತೆ. ‘ನನ್ನ ಹತ್ರ ದುಡ್ಡಿಲ್ಲ, ಶ್ರೀಮಂತನಾದ ಮೇಲೆ ನಿಮ್ಮ ಅಂಗಡಿಯನ್ನೇ ಕೊಂಡುಕೊಳ್ತೀನಿ,’ ಅಂದನಂತೆ ಹುಡುಗ. ‘ಅಂಗಡಿ ಕೊಳ್ಳಬೇಡಪ್ಪಾ, ಅಂಗಡಿಯಲ್ಲಿ ಕೊಂಡುಕೋ ಸಾಕು,’ ಅಂದರಂತೆ ಬರ್ನಾರ್ಡ್. ಈ ಕಥೆಯನ್ನು ಬರ್ನಾರ್ಡ್ ಸಾಯುವವರೆಗೂ ಹೇಳುತ್ತಿದ್ದರು. ಹುಡುಗ ಯಾರು ಅಂತ ಬೇರೆ ಹೇಳಬೇಕೆ!

1954ರ ಜುಲೈನಲ್ಲಿ ಅದೇ ಊರಿನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್‌ನ ಮೊದಲ ರೆಕಾರ್ಡು. 1956ರ ಸೆಪ್ಟೆಂಬರ್ 9ರಂದು ಎಡ್ ಸಲಿವನ್ನನ ಟೀವಿ ಕಾರ್ಯಕ್ರಮ. ಸುಮಾರು ಆರು ಕೋಟಿ ಜನ ನೋಡಿದರು. ಅವತ್ತು ತೊಟ್ಟಿದ್ದ ಕೋಟು ನಮ್ಮದೇ ಅನ್ನುತ್ತೆ ಲ್ಯಾನ್ಸ್ಕಿ ಅಂಗಡಿ. ಅದೇ ವರ್ಷ ಮೊದಲ ಸಿನಿಮಾ, ಆಮೇಲೆ 1969ರ ತನಕ ನಾಯಕನಾಗಿ ಒಟ್ಟು ಮೂವತ್ತೊಂದು! ಜಾನಿ ಕ್ಯಾಷ್, ಕಾರ್ಲ್ ಪರ್ಕಿನ್ಸ್, ಜೆರಿ ಲೀ ಲೂಯಿಸ್, ಎಲ್ಲರೂ ಈ ಅಂಗಡಿಯ ಗಿರಾಕಿಗಳಾದರು. ಎಲ್ವಿಸ್ ಒಮ್ಮೆ ತನ್ನ ಮೂರು ಚಕ್ರದ ಮೆಸ್ಸರ್‌ಷ್ಮಿಟ್ ಕಾರನ್ನು ಬರ್ನಾರ್ಡ್‌ಗೆ ಕೊಟ್ಟು, ಬದಲಿಗೆ ಎರಡು ಗಂಟೆ ಚಿಲ್ಲರೆ ಅಂಗಡಿಯಲ್ಲಿ ಬೇಕಾದ್ದೆಲ್ಲಾ ಬಾಚಿಕೊಂಡು ಹೋದನಂತೆ! ಕೊನೆಗೆ 1977ರ ಆಗಸ್ಟ್ 16ರಂದು, ನಲವತ್ತೆರಡಕ್ಕೇ ತೀರಿಕೊಂಡಾಗ ಮಣ್ಣಿಗೆ ಹೋಗುವ ಮುನ್ನ ತೊಡಿಸಿದ ಬಿಳಿ ಸೂಟು ಕೂಡ ಬರ್ನಾರ್ಡ್ ಲ್ಯಾನ್ಸ್ಕಿಯವರೇ ಆರಿಸಿದ್ದು.

ಕಥೆ ರೋಮಾಂಚಕ ನಿಜ. ಆದರೆ ಆ ಬೀದಿಯಲ್ಲಿ ನಡೆಯುವಾಗ ನನಗೆ ಒಂದು ಕಸಿವಿಸಿ. ಎಲ್ವಿಸ್ ತೊಟ್ಟದ್ದು ಯಾರ ಷೋಕಿ? ಕರಿಯ ಹಾಡುಗಾರರದು. ಅವರು ಹತ್ತಾರು ವರ್ಷ ತೊಟ್ಟು ಕುಣಿದಾಗ ಬೀದಿಯ ಹುಚ್ಚಾಟ. ಬಿಳಿ ಹುಡುಗ ತೊಟ್ಟಾಗ ಲೋಕದ ಫ್ಯಾಷನ್! ಬೀದಿಯಲ್ಲಿ ಎಲ್ವಿಸ್‌ನ ಪ್ರತಿಮೆ ನಿಲ್ಲಿಸಿದ್ದಾರೆ, ಹ್ಯಾಂಡಿಯ ಪ್ರತಿಮೆಯೂ ಇದೆ. ಮೊದಲು ಗುಲಾಬಿ ಕೋಟು ತೊಟ್ಟು ಶನಿವಾರ ರಾತ್ರಿ ಈ ಬೀದಿಯಲ್ಲಿ ನಡೆದ ಆ ಕೂಲಿಯವನಿಗೆ ಪ್ರತಿಮೆ ಇಲ್ಲ. ಲೇಬಲ್ ಇಲ್ಲದೆ ಪ್ಯಾಂಟು ಹೊಲಿಯುವ ಊರಿನಿಂದ ಹೋದವನಿಗೆ ಇದು ಕಣ್ಣಿಗೆ ಹೊಡೆಯದೆ ಇರುತ್ತದೆಯೇ?

1968ರಲ್ಲಿ ಕಸ ಎತ್ತುವ ಕರಿಯ ಕಾರ್ಮಿಕರು ‘ನಾನೂ ಮನುಷ್ಯ’ ಅಂತ ಫಲಕ ಹಿಡಿದು ಮುಷ್ಕರ ಹೂಡಿ ನಡೆದದ್ದೂ ಇದೇ ಬೀಲ್ ಸ್ಟ್ರೀಟಿನಲ್ಲಿ. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಇಲ್ಲಿಗೆ ನಡೆದುಹೋಗುವಷ್ಟು ದೂರದ ಲೊರೇನ್ ಮೋಟೆಲ್‌ನಲ್ಲಿ ಗುಂಡಿಗೆ ಬಲಿಯಾದರು. ಆಮೇಲೆ ಊರು ಸುಧಾರಣೆ ಅಂತ ಸುತ್ತಲಿನ ಮನೆ, ಅಂಗಡಿ ಕೆಡವಿದರು. ಬೀದಿ ಬರಿದಾಯಿತು.

ಲ್ಯಾನ್ಸ್ಕಿಯವರು 1981ರಲ್ಲಿ ಪೀಬಾಡಿ ಹೋಟೆಲಿಗೆ ಹೋದರು. ಪೀಬಾಡಿ ಅಂದರೆ ಭಾರಿ ಹೋಟೆಲು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಬಾತುಕೋಳಿಗಳು ಲಿಫ್ಟಿನಲ್ಲಿ ಇಳಿದು, ಕೆಂಪು ಜಮಖಾನೆಯ ಮೇಲೆ ಬ್ಯಾಂಡಿನ ಜೊತೆ ಮೆರವಣಿಗೆ ಹೊರಟು ಕಾರಂಜಿಗೆ ಹಾರುತ್ತವೆ. ಮುಖ್ಯಮಂತ್ರಿಗೂ ಆ ಮರ್ಯಾದೆ ಇಲ್ಲ! ಬರ್ನಾರ್ಡ್ 2012ರಲ್ಲಿ ಎಂಬತ್ತೈದರ ವಯಸ್ಸಿಗೆ ತೀರಿಕೊಂಡರು. ಮನೆಯವರು ವ್ಯಾಪಾರ ಬಿಡಲಿಲ್ಲ. 2014ರಲ್ಲಿ 126ನೇ ನಂಬರಿನ ಹಳೇ ಕಟ್ಟಡಕ್ಕೂ ಅಂಗಡಿ ಮರಳಿತು. ಎಲ್ವಿಸ್ ತೊಡುತ್ತಿದ್ದ ನಮೂನೆಯ ಅಂಗಿಗಳನ್ನು ಈಗ ಸ್ವಂತ ಲೇಬಲ್ಲಿನಲ್ಲಿ ಮಾರುತ್ತಾರೆ. ಲೇಬಲ್ ಯಾವಾಗ ಬಂತು ಗಮನಿಸಿ. ಮೊದಲು ಖಾಕಿ, ಆಮೇಲೆ ಬೀದಿಯ ಗಿರಾಕಿ, ಆಮೇಲೆ ಎಲ್ವಿಸ್. ಲೇಬಲ್ಲಿಗೆ ಬೆಲೆ ಬಂದದ್ದು ಅದೆಲ್ಲಾ ಆದ ಮೇಲೆ.

ಪೀಬಾಡಿಯ ಅಂಗಡಿಯಲ್ಲಿ ಎತ್ತರದ ಕಾಲರಿನ ಅಂಗಿಯೊಂದನ್ನು ಕೈಗೆತ್ತಿಕೊಂಡು ನೋಡಿದೆ. ಒಳಗೆ ಬಕ್ರಂ ಗಟ್ಟಿಯಾಗಿದೆ, ಕಾಜಾ ಚೊಕ್ಕಟ. ಆದರೆ ನಮ್ಮ ಹುಡುಗರು ಹೊಲಿಯಲಾರದ್ದು ಅದರಲ್ಲಿ ಒಂದೂ ಇರಲಿಲ್ಲ! ಬೆಲೆಚೀಟಿ ನೋಡಿ ಮೆತ್ತಗೆ ಇದ್ದಲ್ಲೇ ಇಟ್ಟೆ. ಬಾತುಕೋಳಿ ನೋಡಿಕೊಂಡು ಹೊರಗೆ ಬಂದು ತಮ್ಮನಿಗೆ ಫೋನ್ ಹಚ್ಚಿದೆ.

‘ನೋಡಿದೇನಣ್ಣಾ? ಬ್ರಾಂಡಿಗೆ ಏನು ಹೆಸರಿಡಾನ?’

‘ಹೆಸರು ಆಮೇಲೆ. ನಿನ್ನ ಪ್ಯಾಂಟು ಯಾರು ಹಾಕ್ಕಂತಾರೆ, ಅದು ಹೇಳು.’

‘ಎಲ್ಲಾರೂ!’

‘ಎಲ್ಲಾರೂ ಅಂದ್ರೆ ಯಾರೂ ಅಲ್ಲ. ನಿನ್ನ ಬೀದಿಯಾಗೆ ಯಾರು ಓಡಾಡ್ತಾರಲೇ?’

ಆ ಕಡೆ ಸುಮಾರು ಹೊತ್ತು ಮೌನ. ಐಎಸ್‌ಡಿ ಮೀಟರು ಓಡುವ ಕಾಲ ಮುಗಿದದ್ದು ನನ್ನ ಪುಣ್ಯ.

‘ಆರ್ಕೆಸ್ಟ್ರಾದವರು ಅದಾರಣ್ಣಾ,’ ಅಂದ ಕಡೆಗೆ. ‘ನಮ್ಮ ಓಣಿಯಾಗೇ ಮೂರು ರಸಮಂಜರಿ ತಂಡ ಐತೆ. ಜಾತ್ರೆ ಸೀಸನ್ ಬಂದ್ರೆ ಊರೂರು ಸುತ್ತುತಾರೆ. ಬಾಡಿಗಿ ಕೋಟು ಹಾಕ್ಕಂಡು ಕುಣೀತಾರೆ. ಕುಂತ್ರೆ ಹರೀತೈತೆ, ಎದ್ರೆ ಬಿಚ್ಚುತೈತೆ.’

‘ಅವರ ಅಳತೆ ತಗೋ. ನಲವತ್ತು ಪ್ಯಾಂಟು ಹೊಲಿ. ಸೈಟಿನ ಕಾಗದ ಚಿಕ್ಕಮ್ಮನ ಟ್ರಂಕಿನಲ್ಲೇ ಇರಲಿ.’

ನಲವತ್ತು ಹೊಲಿದ. ಬಟ್ಟೆ ಮಿಲ್ಲಿನ ಕಟ್‌ಪೀಸು, ಕೆಲಸ ರಾತ್ರಿ ಪಾಳಿ, ಜಾಬ್ ವರ್ಕ್ ಮುಗಿದ ಮೇಲೆ. ತೊಡೆಗೆ ಸಡಿಲ, ಕೆಳಗೆ ಬಿಗಿ, ಪಕ್ಕಕ್ಕೆ ಕೇಸರಿ ದಾರದ ಎರಡು ಹೊಲಿಗೆ. ಜಾತ್ರೆ ಸೀಸನ್ ಮುಗಿಯುವ ಹೊತ್ತಿಗೆ ಮೂವತ್ತೊಂದು ಹೋಗಿವೆ. ಸ್ಟೇಜಿನ ಮೇಲೆ ನೋಡಿದ ಹಳ್ಳಿ ಹುಡುಗರು ‘ಎಲ್ಲಿ ತಗಂಡ್ರಿ?’ ಅಂತ ಕೇಳುತ್ತಿದ್ದಾರಂತೆ. ಲೇಬಲ್ ಇನ್ನೂ ಇಲ್ಲ. ಕೇಳಿದವರಿಗೆ ಹಾಡುಗಾರರು ಬಾಯಲ್ಲೇ ಓಣಿಯ ಗುರುತು ಹೇಳಿ ಕಳಿಸುತ್ತಾರೆ. ಮೂವತ್ತೊಂದರಲ್ಲಿ ಹತ್ತೊಂಬತ್ತು ಉದ್ರಿ.

ಮೊನ್ನೆ ರಾತ್ರಿ ಮತ್ತೆ ಫೋನು. ‘ಅಣ್ಣಾ, ಆ ಲ್ಯಾನ್ಸ್ಕಿ ಅನ್ನೋರು ಉದ್ರಿ ವಸೂಲಿ ಹೆಂಗ್ ಮಾಡ್ತಿದ್ರು, ಅದು ಕೇಳ್ಕಂಡು ಬಂದೇನು?’