'ಇಲ್ಲ' ಎಂಬ ಉತ್ತರ

ಸಂಶೋಧನೆಗಾಗಿ ಒಂದು ಎ.ಆರ್.ಟಿ. ಕೇಂದ್ರದಲ್ಲಿ ಕೂರುತ್ತಿದ್ದ ದಿನಗಳವು. ಎಚ್‌ಐವಿ ಇರುವವರಿಗೆ ನನ್ನದೊಂದು ಪ್ರಶ್ನೆ: "ಪೂರಕ ಚಿಕಿತ್ಸೆ ಏನಾದರೂ ಪಡೆಯುತ್ತಿದ್ದೀರಾ?" ಫಾರಂಗಳ ತುಂಬ 'ಇಲ್ಲ'ಗಳೇ.

ಹಾಗೆ 'ಇಲ್ಲ' ಎಂದಿದ್ದ ಒಬ್ಬರನ್ನು ಪಕ್ಕದ ಮೇಜಿನ ಸಿಸ್ಟರ್ ಮಾತ್ರೆ ಎಣಿಸುತ್ತಲೇ ಕೇಳಿದರು: "ಮನೇಲಿ ಕಷಾಯ ಗಿಷಾಯ ಏನಾದ್ರೂ ಕುಡೀತೀರಾ ಅಕ್ಕಾ?"

ಆಕೆ ದನಿ ತಗ್ಗಿಸಿದರು. ಬೆಳಿಗ್ಗೆ ಅಮೃತಬಳ್ಳಿ ಕಷಾಯ. ಮಂಡಿನೋವಿಗೆ ಅಂಗಡಿಯಿಂದ ತಂದ ಕ್ಯಾಲ್ಸಿಯಂ, ಮಲಗುವ ಮುಂಚೆ ಎಚ್‌ಐವಿ ಮಾತ್ರೆಯ ಜೊತೆಗೇ. "ಬೈತೀರೇನೋ ಅಂತ ಹೇಳಿರ್ಲಿಲ್ಲ."

ಸಿಸ್ಟರ್ ಬೈಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಆ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಅನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂಗೆ 2 ಗಂಟೆ ಮೊದಲು ಇಲ್ಲವೇ 6 ಗಂಟೆ ಬಳಿಕ ಅದನ್ನು ತೆಗೆದುಕೊಳ್ಳಬೇಕು. ಸಿಸ್ಟರ್ ಇಷ್ಟನ್ನೂ ಹೇಳಿದ್ದು ಹೀಗೆ: "ಕ್ಯಾಲ್ಸಿಯಂ ಮಧ್ಯಾಹ್ನ ಊಟಕ್ಕೆ, ಇದು ರಾತ್ರಿಗೆ. ಕಷಾಯದ ವಿಷಯ ಡಾಕ್ಟರಿಗೆ ನಾನೇ ಹೇಳ್ತೀನಿ. ಈ ಮಾತ್ರೆ ಮಾತ್ರ ಒಂದು ದಿನಾನೂ ಬಿಡಬೇಡಿ."

ಆಕೆಯನ್ನು ಕೇಳಿ ಅವರ ಫಾರಂ ತಿದ್ದಿದೆ. ಕೆಳಗೆ ಉಳಿದ 'ಇಲ್ಲ'ಗಳಿದ್ದವು. ಹಾಗೆಂದವರೆಲ್ಲ ಆಗಲೇ ಬಸ್ಸು ಹತ್ತಿ ಊರಿಗೆ ಹೋಗಿದ್ದರು. ಮರುದಿನದಿಂದ ನನ್ನ ಪ್ರಶ್ನೆಯೂ ಕಷಾಯದಿಂದಲೇ ಶುರುವಾಯಿತು.